ಹಿಂದಿನ ಗಾಡಿಯ ವೇಗವೇ ಗುಂಪಿನ ವೇಗ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿರೂಪಾಕ್ಷಿಪುರದ ಈ ಸರ್ಕಾರಿ ಪ್ರೌಢಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಹಳೆಯ ವಿದ್ಯಾರ್ಥಿಗಳನ್ನು ಮಾತಿಗೆ ಕರೆದರೆ ಓದು, ಗುರಿ, ಶಿಸ್ತು ಎಂದು ಹೇಳುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ಮೇಷ್ಟ್ರುಗಳು ಇಲ್ಲೇ ಇದ್ದಾರೆ. ನಾನು ಇವತ್ತು ಬೈಕಿನ ವಿಷಯ ಮಾತಾಡುತ್ತೇನೆ. ಅದರಲ್ಲೂ ನಾಲ್ಕಾರು ಜನ ಗೆಳೆಯರು ಗುಂಪು ಕಟ್ಟಿಕೊಂಡು ಹೆದ್ದಾರಿಯಲ್ಲಿ ಹೋಗುವ ವಿಷಯ. ಕಾರಣ ಇಷ್ಟೇ. ಇಲ್ಲಿ ಕುಳಿತಿರುವ ಹುಡುಗರಲ್ಲಿ ಬಹುಪಾಲು ಜನ ಇನ್ನು ಮೂರು ನಾಲ್ಕು ವರ್ಷದಲ್ಲಿ ಬೈಕಿನ ಮೇಲಿರುತ್ತಾರೆ. ಗೆಳೆಯರ ಜೊತೆಯಲ್ಲೇ ಇರುತ್ತಾರೆ.

ಬೈಕು ನಮ್ಮ ಕಡೆಗೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದವು. ನಮ್ಮ ತಂದೆಯವರ ಕಾಲದಲ್ಲಿ ಒಂದು ಯೆಜ್ಡಿ ಊರೊಳಗೆ ಬಂದರೆ ಯಾರ ಗಾಡಿ ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತಂತೆ. ಆಗ ಊರಿಗೆ ಒಂದೋ ಎರಡೋ ಬೈಕು. ಈಗ ಮನೆಗೊಂದು. ಭಾನುವಾರ ಬೆಳಿಗ್ಗೆ ಚನ್ನಪಟ್ಟಣದ ರಸ್ತೆ ಬದಿ ನಿಂತರೆ ಬೆಂಗಳೂರಿನಿಂದ ಹತ್ತು, ಹದಿನೈದು, ಇಪ್ಪತ್ತು ಬೈಕುಗಳ ಸಾಲುಗಳು ಒಂದರ ಹಿಂದೆ ಒಂದು ಬರುವುದು ಕಾಣುತ್ತದೆ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಿನಲ್ಲಿ ವಡೆ, ಅಲ್ಲಿಂದ ಮೈಸೂರು. ಅವರಲ್ಲಿ ನಮ್ಮ ತಾಲ್ಲೂಕಿನ ಹುಡುಗರೂ ಇದ್ದಾರೆ. ನಾನೂ ಎಷ್ಟೋ ಸಲ ಹೋಗಿದ್ದೇನೆ, ಇನ್ನೂ ಹೋಗುತ್ತೇನೆ. ಬೈಕು ಬೇಡ ಎಂದು ಹೇಳಲು ನಾನು ಬಂದಿಲ್ಲ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ಇಲ್ಲವೆಂದು ಹೆದ್ದಾರಿ ಪ್ರಾಧಿಕಾರ ಹೇಳಿತು. ಜೋರಾಗಿ ಹೋಗುವ ಕಾರು, ಬಸ್ಸುಗಳ ನಡುವೆ ಇವು ಸಿಕ್ಕಿಕೊಂಡರೆ ಅಪಾಯ ಎಂಬುದು ಅದರ ಕಾರಣ. ಒಳ್ಳೆಯದೇ ಆಯಿತು. ಆದರೆ ಇದರಿಂದ ಬೈಕಿನ ಗುಂಪುಗಳೆಲ್ಲ ಸರ್ವಿಸ್ ರಸ್ತೆಗೆ, ರಾಮನಗರ–ಚನ್ನಪಟ್ಟಣದ ಊರೊಳಗಿನ ಹಳೇ ರಸ್ತೆಗೆ ಬಂದವು. ಅಲ್ಲಿ ರೇಷ್ಮೆ ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುವ ಗಾಡಿಗಳಿವೆ, ಹುಲ್ಲಿನ ಹೊರೆ ಹೊತ್ತ ಟ್ರ್ಯಾಕ್ಟರುಗಳಿವೆ, ಬೊಂಬೆ ಅಂಗಡಿ ಮುಂದೆ ಥಟ್ಟನೆ ನಿಲ್ಲುವ ಕಾರುಗಳಿವೆ, ರಸ್ತೆ ದಾಟುವ ನಮ್ಮ ಅಜ್ಜಿಯರಿದ್ದಾರೆ, ಸೈಕಲ್ಲಿನಲ್ಲಿ ಶಾಲೆಗೆ ಬರುವ ನೀವಿದ್ದೀರಿ. ಬೈಕಿನ ಮೇಲಿರುವವರೂ ನಮ್ಮವರು, ದಾಟುವವರೂ ನಮ್ಮವರು. ಆದ್ದರಿಂದ ಇದು ಬೆಂಗಳೂರಿನವರ ಶೋಕಿಯ ಮಾತಲ್ಲ, ನಮ್ಮ ಊರಿನ ಮಾತು.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ತೀರಿಕೊಂಡರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ಒಟ್ಟು ಸಾವುಗಳಲ್ಲಿ ನೂರಕ್ಕೆ 71ಕ್ಕೆ ಅತಿ ವೇಗವೇ ಕಾರಣ ಎಂದು ಅದೇ ವರದಿ ಹೇಳುತ್ತದೆ. ಅಂಕಿಅಂಶ ಇಷ್ಟು ಸಾಕು. ವೇಗ ಎಂದರೆ ಏನು ಎಂಬುದನ್ನು ನೀವು ಒಂಬತ್ತನೇ ತರಗತಿಯ ಚಲನೆಯ ಪಾಠದಲ್ಲಿ ಓದಿದ್ದೀರಿ. ಅದನ್ನೇ ಈಗ ರಸ್ತೆಗೆ ಇಳಿಸೋಣ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎದುರಿಗೆ ಹಸು ಬಂತು ಎಂದುಕೊಳ್ಳಿ. ಕಣ್ಣಿಗೆ ಬಿದ್ದದ್ದು ಬುದ್ಧಿಗೆ ಹೊಳೆದು ಕೈ ಬ್ರೇಕಿಗೆ ಹೋಗಲು ಕಡಿಮೆ ಎಂದರೂ ಒಂದು ಸೆಕೆಂಡು ಬೇಕು. ಅಷ್ಟರಲ್ಲೇ 17 ಮೀಟರ್ ಹೋಯಿತು. ಆಮೇಲೆ ಒಣ ರಸ್ತೆ, ಒಳ್ಳೆಯ ಟಯರು, ಸೆಕೆಂಡಿಗೆ ಸೆಕೆಂಡಿಗೆ 6 ಮೀಟರಿನಂತೆ ವೇಗ ಇಳಿಸುವ ಗಟ್ಟಿ ಬ್ರೇಕು ಎಂದು ಲೆಕ್ಕ ಹಿಡಿದರೂ ನಿಲ್ಲಲು ಇನ್ನೂ 23 ಮೀಟರ್ ಬೇಕು. ಒಟ್ಟು 40 ಮೀಟರ್. ವೇಗ 80 ಆದರೆ 63 ಮೀಟರ್. 100 ಆದರೆ 92 ಮೀಟರ್. ವೇಗ ಹೆಚ್ಚಿದಷ್ಟೇ ದೂರ ಹೆಚ್ಚುವುದಿಲ್ಲ, ಅದಕ್ಕಿಂತ ಜಾಸ್ತಿ ಹೆಚ್ಚುತ್ತದೆ. ಏಕೆಂದರೆ ಸೂತ್ರದಲ್ಲಿ ವೇಗದ ವರ್ಗ ಇದೆ. ಮಳೆ ಬಿದ್ದರೆ, ರಸ್ತೆಯ ಮೇಲೆ ಮರಳಿದ್ದರೆ ಈ ಲೆಕ್ಕವೂ ಸಾಲದು. 2019ರಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಅದು ಬ್ರೇಕು ಹಿಡಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ನೋಡಿಕೊಳ್ಳುತ್ತದೆ. ಆದರೆ ನೀವು ಬ್ರೇಕಿಗೆ ಕೈ ಹಾಕುವ ಮೊದಲಿನ ಆ ಒಂದು ಸೆಕೆಂಡನ್ನು ಯಾವ ಕಂಪನಿಯ ಬೈಕೂ ವಾಪಸ್ ಕೊಡುವುದಿಲ್ಲ.

ಇದು ಒಬ್ಬನೇ ಹೋಗುವಾಗಿನ ಲೆಕ್ಕ. ಗುಂಪಿನ ಲೆಕ್ಕ ಬೇರೆ. ಅದನ್ನು ಯಾವ ಡ್ರೈವಿಂಗ್ ಶಾಲೆಯಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ.

ಹತ್ತು ಬೈಕು ಸಾಲಾಗಿ 60ರ ವೇಗದಲ್ಲಿ ಹೋಗುತ್ತಿವೆ, ಒಬ್ಬರಿಗೊಬ್ಬರಿಗೆ ಎರಡು ಸೆಕೆಂಡಿನ ಅಂತರ ಇದೆ ಎನ್ನಿ. ಮೊದಲನೆಯವನಿಗೂ ಹತ್ತನೆಯವನಿಗೂ ನಡುವೆ 18 ಸೆಕೆಂಡು, ಅಂದರೆ 300 ಮೀಟರ್. ಈಗ ಒಂದು ರಸ್ತೆ ಉಬ್ಬು ಬಂತು, ನಾವು ಹಂಪ್ಸ್ ಅನ್ನುತ್ತೇವಲ್ಲ, ಅದು. ಪ್ರತಿಯೊಬ್ಬನೂ ಮುಂದಿನವನಿಗಿಂತ ಒಂದೇ ಒಂದು ಸೆಕೆಂಡು ಹೆಚ್ಚು ತಡ ಮಾಡಿದರೆ ಹತ್ತನೆಯವನು ಬರುವಷ್ಟರಲ್ಲಿ ಒಂಬತ್ತು ಸೆಕೆಂಡು ತಡವಾಯಿತು. ಮುಂದಿನವನು ಆಗಲೇ 60ಕ್ಕೆ ಏರಿಸಿದ್ದರೆ ಕೊನೆಯವನು ಇದ್ದ ಜಾಗಕ್ಕಿಂತ ಇನ್ನೂ 150 ಮೀಟರ್ ಹಿಂದೆ ಬಿದ್ದ. ಆ ದೂರವನ್ನು ಮುಚ್ಚಲು ಅವನು 80ರಲ್ಲಿ ಸುಮಾರು 600 ಮೀಟರ್ ಓಡಿಸಬೇಕು. ಇದು ಒಂದು ಹಂಪ್ಸಿನ ಕಥೆ. ನಮ್ಮ ಹಳೇ ರಸ್ತೆಯಲ್ಲಿ ಹಂಪ್ಸ್ ಎಷ್ಟಿವೆ ಎಂದು ನಿಮಗೇ ಗೊತ್ತು! ಮುಂದಿನವನು "ನಾನು 60ರ ಮೇಲೆ ಹೋಗಲೇ ಇಲ್ಲ" ಎಂದು ಪ್ರಮಾಣ ಮಾಡಿ ಹೇಳಬಹುದು. ಅದು ನಿಜವೂ ಹೌದು. ಆದರೂ ಹಿಂದಿನವನು 80, 90ರಲ್ಲಿ ಓಡಿಸುತ್ತಿರುತ್ತಾನೆ. ಸಾಮಾನ್ಯವಾಗಿ ಆ ಕೊನೆಯವನು ಯಾರು? ಹೊಸದಾಗಿ ಕಲಿತವನು, ಚಿಕ್ಕ ಬೈಕಿನವನು, ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡವನು. ಯಾರಿಗೆ ವೇಗ ಹೊಂದುವುದಿಲ್ಲವೋ ಅವನ ತಲೆಯ ಮೇಲೇ ಹೆಚ್ಚಿನ ವೇಗ ಬಂದು ಬೀಳುತ್ತದೆ.

ನಮ್ಮ ಕಚೇರಿಯ ಹುಡುಗನೊಬ್ಬ, ಬೈಕು ಕೊಂಡು ಮೂರು ತಿಂಗಳಾಗಿತ್ತು, ಒಂದು ತಂಡದ ಜೊತೆ ಕನಕಪುರದಿಂದ ಸಂಗಮದ ಕಡೆಗೆ ಹೋದ. ಸಾಲಿನಲ್ಲಿ ಕೊನೆಯವನು. ತಿರುವುಗಳ ರಸ್ತೆ, ಮುಂದಿನವರು ಕಾಣಿಸುತ್ತಿಲ್ಲ. ಒಂದು ತಿರುವಿನಲ್ಲಿ ಬೈಕು ಹೊರಕ್ಕೆ ಎಳೆದು ಮಣ್ಣಿನಲ್ಲಿ ಜಾರಿತು. ಹೆಗಲ ಮೂಳೆ ಮುರಿಯಿತು. ಮುಂದಿನವರಿಗೆ ಗೊತ್ತಾದದ್ದು ಟೀ ಕುಡಿಯಲು ನಿಂತು ತಲೆ ಎಣಿಸಿದಾಗ. ಅಷ್ಟರೊಳಗೆ ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯರು ಅವನನ್ನು ನೆರಳಿಗೆ ಕೂರಿಸಿ, ದಾರಿಯಲ್ಲಿ ಬಂದವರನ್ನು ನಿಲ್ಲಿಸಿ 108ಕ್ಕೆ ಫೋನು ಮಾಡಿಸಿದ್ದರು. ಆಸ್ಪತ್ರೆಗೆ ನೋಡಲು ಹೋದಾಗ ಅವನು ಒಂದು ಮಾತು ಹೇಳಿದ: "ಅಣ್ಣಾ, ಜೋರಾಗಿ ಓಡಿಸಬೇಕು ಅಂತ ಆಸೆಯಿಂದ ಓಡಿಸಲಿಲ್ಲ. ಎಲ್ಲಿ ಒಬ್ಬನೇ ಉಳಿದುಬಿಡ್ತೀನೋ ಅಂತ ಓಡಿಸಿದೆ." ಅತಿ ವೇಗ ಎಂದರೆ ಕೊಬ್ಬು, ಪೋಲಿತನ ಎಂದು ದೊಡ್ಡವರು ಬೈಯುತ್ತೇವೆ. ಎಷ್ಟೋ ಸಲ ಅದು ಹಿಂದೆ ಬೀಳುವ ಭಯ, ಗೆಳೆಯರ ಮುಂದೆ ನಾಚಿಕೆ.

ಇನ್ನೊಂದು ಅಪಾಯ ಓವರ್‌ಟೇಕ್. ಎರಡು ಕಡೆಯ ವಾಹನಗಳೂ ಓಡಾಡುವ ರಸ್ತೆಯಲ್ಲಿ ಮೊದಲನೆಯವನು ಎದುರಿಗೆ ಖಾಲಿ ನೋಡಿ ಲಾರಿಯನ್ನು ದಾಟುತ್ತಾನೆ. ಹಿಂದಿನವರು ಅವನ ಬೆನ್ನು ನೋಡಿಕೊಂಡು ನುಗ್ಗುತ್ತಾರೆ. ಹತ್ತನೆಯವನ ಸರದಿ ಬರುವಷ್ಟರಲ್ಲಿ 18 ಸೆಕೆಂಡು ಕಳೆದಿರುತ್ತದೆ. ಎದುರಿನಿಂದ 60ರಲ್ಲಿ ಬರುವ ಬಸ್ಸು ಅಷ್ಟರಲ್ಲಿ 300 ಮೀಟರ್ ಹತ್ತಿರ ಬಂದಿರುತ್ತದೆ. ಮುಂದಿನವನಿಗೆ ಖಾಲಿ ಇದ್ದ ರಸ್ತೆ ನಿಮಗೆ ಖಾಲಿ ಅಲ್ಲ. ಪ್ರತಿಯೊಬ್ಬನೂ ತನ್ನ ಕಣ್ಣಿನಿಂದ ನೋಡಿ, ಒಬ್ಬೊಬ್ಬನಾಗಿಯೇ ದಾಟಬೇಕು.

ಹಾಗಾದರೆ ಗುಂಪಿನಲ್ಲಿ ಹೇಗೆ ಹೋಗಬೇಕು? ನಮ್ಮ ಕಡೆಯವರಿಗೆ ಇದು ಗೊತ್ತಿಲ್ಲದ ವಿದ್ಯೆಯಲ್ಲ. ಶಿವರಾತ್ರಿ ಹೊತ್ತಿಗೆ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರನ್ನು ನೋಡಿ. ಗುಂಪಿನಲ್ಲಿ ಒಬ್ಬರು ಅಜ್ಜಿ ಇದ್ದರೆ ಅಜ್ಜಿಯ ನಡಿಗೆಯೇ ಎಲ್ಲರ ನಡಿಗೆ. ಹೊಳೆ ದಾಟುವ ಮೊದಲು ಎಲ್ಲರೂ ಬಂದರೇ ಎಂದು ನೋಡುತ್ತಾರೆ. ಬೈಕಿಗೂ ಅದೇ ನ್ಯಾಯ. ಹಿಂದಿನ ಗಾಡಿಯ ವೇಗವೇ ಗುಂಪಿನ ವೇಗ.

ಇದನ್ನು ಪಾಲಿಸಲು ಕೆಲವು ಪದ್ಧತಿಗಳಿವೆ. ಒಂದು, ಗುಂಪು ಚಿಕ್ಕದಿರಲಿ. ಹತ್ತು ಜನ ಇದ್ದರೆ ಐದೈದರ ಎರಡು ಗುಂಪು ಮಾಡಿ, ನಡುವೆ ಬೇರೆ ವಾಹನಗಳಿಗೆ ಜಾಗ ಬಿಡಿ. ಎರಡು, ದಾರಿ ಗೊತ್ತಿರುವ ನಿಧಾನಸ್ಥ ಒಬ್ಬ ಮುಂದೆ, ಚೆನ್ನಾಗಿ ಪಳಗಿದ ಇನ್ನೊಬ್ಬ ಕಟ್ಟಕಡೆಗೆ. ಹೊಸಬ ಎಂದೂ ಕೊನೆಗಲ್ಲ, ಮುಂದಾಳುವಿನ ಹಿಂದೆಯೇ, ಎರಡನೆಯವನಾಗಿ. ಮೂರು, ಅಗಲವಾದ ನೇರ ರಸ್ತೆಯಲ್ಲಿ ಒಬ್ಬ ಬಲಕ್ಕೆ, ಮುಂದಿನವನು ಎಡಕ್ಕೆ, ಹೀಗೆ ಓರೆಯಾಗಿ ಸಾಲು ಕಟ್ಟಿ. ನೇರ ಮುಂದಿರುವವನಿಗೂ ನಿಮಗೂ ಎರಡು ಸೆಕೆಂಡು ಇರಲಿ. ಅವನು ಒಂದು ಕಂಬ ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು" ಎಂದು ಎಣಿಸಿ. ಎಣಿಸಿ ಮುಗಿಯುವ ಮೊದಲೇ ನೀವು ಕಂಬಕ್ಕೆ ಬಂದರೆ ತೀರಾ ಹತ್ತಿರ ಇದ್ದೀರಿ. ತಿರುವಿನಲ್ಲಿ, ಊರೊಳಗೆ, ಮಳೆಯಲ್ಲಿ ಒಂದೇ ಸಾಲು. ಜೋಡಿಯಾಗಿ ಮಾತಾಡಿಕೊಂಡು ಹೋಗುವುದು ಎಲ್ಲೂ ಬೇಡ. ನಾಲ್ಕು, ಹಂಪ್ಸ್ ದಾಟಿದ ಮೇಲೆ ಮುಂದಿನವನು ಕನ್ನಡಿಯಲ್ಲಿ ಕೊನೆಯವನು ಕಾಣುವ ತನಕ ವೇಗ ಏರಿಸಬಾರದು. ಐದು, ಪ್ರತಿಯೊಬ್ಬನೂ ತನ್ನ ಹಿಂದಿನವನಿಗೆ ಹೊಣೆ. ಬೇರೆ ರಸ್ತೆಗೆ ತಿರುಗುವ ಕ್ರಾಸಿನಲ್ಲಿ ಹಿಂದಿನವನು ನಿಮ್ಮನ್ನು ನೋಡಿದ ಎಂದು ಖಾತ್ರಿಯಾದ ಮೇಲೇ ಮುಂದೆ ಹೋಗಿ. ಹೀಗೆ ಮಾಡಿದರೆ ಯಾರೂ ದಾರಿ ತಪ್ಪುವುದಿಲ್ಲ, ಯಾರೂ ಅಟ್ಟಿಸಿಕೊಂಡು ಬರುವ ಅಗತ್ಯ ಇರುವುದಿಲ್ಲ. ಆರು, ಹೊರಡುವ ಮೊದಲೇ ಎಲ್ಲಿ ನಿಲ್ಲುವುದು ಎಂದು ಎಲ್ಲರಿಗೂ ಹೇಳಿ. ನಿಲ್ಲುವ ಜಾಗ ಗೊತ್ತಿದ್ದವನಿಗೆ ಹಿಂದೆ ಉಳಿಯುವ ಭಯ ಇಲ್ಲ.

ಹೊತ್ತು ನೋಡಿಕೊಂಡು ಹೊರಡುವುದೂ ಸುರಕ್ಷತೆಯೇ. ಬಂಡೀಪುರದ ಕಾಡಿನ ಹೆದ್ದಾರಿಯನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. ಊಟಿಯಿಂದ ತಡವಾಗಿ ಹೊರಟವರು ಗೇಟು ಹಾಕುವ ಮೊದಲು ಬರಬೇಕೆಂದು ಓಡಿಸುತ್ತಾರೆ. ಅಲ್ಲಿನ ಅವಸರಕ್ಕೆ ಕಾರಣ ರಸ್ತೆಯಲ್ಲಿಲ್ಲ, ಹೊರಟ ಹೊತ್ತಿನಲ್ಲಿದೆ. ಅವಸರದಿಂದ ಉಳಿಯುವುದಾದರೂ ಎಷ್ಟು? ಚನ್ನಪಟ್ಟಣದಿಂದ ಬೆಂಗಳೂರು 60 ಕಿ.ಮೀ. 60ರಲ್ಲಿ ಒಂದು ಗಂಟೆ, 80ರಲ್ಲಿ 45 ನಿಮಿಷ. ಅದೂ ಎಲ್ಲೂ ನಿಲ್ಲದೆ ಹೋದರೆ. ಉಳಿದದ್ದು ಹದಿನೈದು ನಿಮಿಷ. ಒಂದು ತಟ್ಟೆ ಇಡ್ಲಿಗೆ ಕಾಯುವ ಹೊತ್ತು.

ಕಾನೂನಿನ ಎರಡು ಮಾತು ಪೋಷಕರಿಗೆ. ಗೇರ್ ಇರುವ ಬೈಕಿಗೆ 18 ವರ್ಷ ತುಂಬಬೇಕು. ಅದಕ್ಕೆ ಮೊದಲೇ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಮೂರು ಜನ ಕೂರುವಂತಿಲ್ಲ. ಐ.ಎಸ್.ಐ. ಗುರುತಿನ ಹೆಲ್ಮೆಟ್ ಓಡಿಸುವವನಿಗೂ ಬೇಕು, ಹಿಂದೆ ಕೂತವರಿಗೂ ಬೇಕು, ಪಟ್ಟಿ ಬಿಗಿದಿರಬೇಕು. ಹಾಗೆಯೇ, ಅಪಘಾತದಲ್ಲಿ ಬಿದ್ದವರಿಗೆ ನೆರವಾಗಲು ಹೆದರಬೇಡಿ. ಸದುದ್ದೇಶದಿಂದ ನೆರವಾದವರನ್ನು ತೊಂದರೆಗೆ ಸಿಕ್ಕಿಸಬಾರದೆಂದು ಕೇಂದ್ರದ ಕಾಯಿದೆಯೂ ಇದೆ, ನಮ್ಮ ರಾಜ್ಯದ ಕಾಯಿದೆಯೂ ಇದೆ. ಆ ಕುರಿ ಕಾಯುವ ಹಿರಿಯರು ಯಾವ ಕಾಯಿದೆ ಓದಿದ್ದರೋ ಕಾಣೆ, ಮಾಡಬೇಕಾದದ್ದನ್ನು ಮಾಡಿದರು.

ತಮ್ಮಂದಿರೇ, ನಿಮ್ಮಲ್ಲಿ ಯಾರಾದರೂ ಮುಂದೆ ಗುಂಪಿನ ಮುಂದಾಳು ಆದರೆ, ನಿಮ್ಮ ಚಾಲಾಕಿತನವನ್ನು ಸ್ಪೀಡೋಮೀಟರಿನಲ್ಲಿ ಅಳೆಯಬೇಡಿ. ಎಷ್ಟು ಜನರನ್ನು ಕರೆದುಕೊಂಡು ಹೊರಟಿರಿ, ಎಷ್ಟು ಜನ ನಗುನಗುತ್ತಾ ಮನೆ ಸೇರಿದರು ಎಂಬುದರಲ್ಲಿ ಅಳೆಯಿರಿ. ನೀವು ಹಿಂದೆ ಬಿದ್ದರೆ ಧೈರ್ಯವಾಗಿ ಹಿಂದೆ ಬೀಳಿ. ಕಾಯುವವನೇ ಗೆಳೆಯ. ಕಾಯದವರ ಜೊತೆ ಇನ್ನೊಂದು ಸಲ ಹೋಗಬೇಡಿ.

ಐವತ್ತು ವರ್ಷ ಈ ಶಾಲೆ ಮಾಡಿದ್ದೂ ಇದನ್ನೇ. ಬೇಗ ಕಲಿತವರನ್ನು ಮುಂದೆ ಕಳಿಸಿತು, ನಿಧಾನಕ್ಕೆ ಕಲಿಯುವವರನ್ನು ಬಿಟ್ಟು ಹೋಗಲಿಲ್ಲ. 

ಜೈ ಹಿಂದ್, ಜೈ ಕರ್ನಾಟಕ.