ಕ್ಯೂ, ಟಿ, ಎನ್ ಮತ್ತು ನನ್ನ ಕನ್ನಡ ಬಿ.ಎ.



ಇವತ್ತು ಒಂದು ಪೆನ್ನು, ಒಂದು ಚೂರು ಕಾಗದ ಹತ್ತಿರ ಇಟ್ಟುಕೊಳ್ಳಿ. ಲೋಕಲ್ ರೈಲಿನಲ್ಲಿ ನಿಂತು ಕೇಳುತ್ತಿರುವವರು ಬೆರಳಲ್ಲೇ ಎಣಿಸಿಕೊಂಡರೂ ಸಾಕು.

ನನ್ನ ಮಗಳು ಐದನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮೊನ್ನೆ ರಾತ್ರಿ ಕುಕ್ಕರ್ ಇಳಿಸುವ ಹೊತ್ತಿಗೆ ಹೋಂವರ್ಕ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಕ್ಯೂ, ಟಿ, ಎನ್, ಈ ಮೂರೂ ಅಕ್ಷರ ಇರುವ ಒಂದು ಇಂಗ್ಲಿಷ್ ಪದ ಬೇಕಂತೆ. ಪದ ಉದ್ದವಾದಷ್ಟೂ ಅಂಕ ಜಾಸ್ತಿ.

ನಾನು ಹಿಂದೆ ಮುಂದೆ ನೋಡದೆ "ಟ್ಯಾಂಕ್" ಅಂದೆ.

"ಅಮ್ಮಾ, ಅದರಲ್ಲಿ ಕೆ ಇರೋದು. ಹೋಗ್ಲಿ ಬಿಡು, ನಿಂಗೆ ಇಂಗ್ಲಿಷ್ ಬರಲ್ಲ. ಪಪ್ಪ ಬಂದ ಮೇಲೆ ಕೇಳ್ತೀನಿ."

ಕನ್ನಡ ಬಿ.ಎ. ಮಾಡಿ ಮುಂಬಯಿಗೆ ಬಂದವಳಿಗೆ ಈ ಮಾತೇನೂ ಹೊಸದಲ್ಲ. ಪೇರೆಂಟ್ಸ್ ಮೀಟಿಂಗಿನಲ್ಲಿ ಎದುರಿಗೆ ಕೂತವರ ಮುಖದಲ್ಲೇ ಓದಿದ್ದೇನೆ. ಆದರೆ ಮಗಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವಳೇನೂ ನೋಯಿಸಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು. ಅದಕ್ಕೇ ಹೆಚ್ಚು ನಾಟಿತು.

ಅನ್ನ ಬಡಿಸುತ್ತಾ ಯೋಚಿಸಿದೆ. ತಪ್ಪಿದ್ದು ಎಲ್ಲಿ? ನಮ್ಮ ಕಸುಬು ಕಿವಿಯದು. ನಾನು ಪದವನ್ನು ಕಿವಿಯಿಂದ ಹುಡುಕಿದೆ. ಕನ್ನಡದಲ್ಲಾದರೆ ಅದು ನಡೆಯುತ್ತದೆ, ಕೇಳಿದ್ದನ್ನೇ ಹೆಚ್ಚುಕಡಿಮೆ ಹಾಗೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಕಿವಿ ಮೋಸಮಾಡುತ್ತದೆ. ಕ್ಯೂ ಇಲ್ಲದ ಟ್ಯಾಂಕ್ ನೆನಪಾಯಿತು, ಕ್ಯೂ ಇರುವ "ಟೆಕ್ನಿಕ್" ಹೊಳೆಯಲೇ ಇಲ್ಲ! ಟಿ, ಇ, ಸಿ, ಎಚ್, ಎನ್, ಐ, ಕ್ಯೂ, ಯು, ಇ. ಮೂರೂ ಅಕ್ಷರ ಇವೆ, ಒಟ್ಟು 9. ಸ್ಟುಡಿಯೋದಲ್ಲಿ ದಿನಾ ಬಳಸುವ ಪದ ನೋಡಿ ಅದು.

ಆಮೇಲೆ ಹೊಳೆದದ್ದು ನನ್ನ ಬಿ.ಎ. ಪಾಠ. ಪ್ರಕೃತಿ, ಪ್ರತ್ಯಯ, ಉಪಸರ್ಗ. ಕೇಶಿರಾಜನ ಶಬ್ದಮಣಿದರ್ಪಣ ಹಿಡಿದು ನಿದ್ದೆಗೆಟ್ಟವಳು ನಾನು. "ಹಾರ" ಅನ್ನುವುದರ ಹಿಂದೆ ಒಂದೊಂದು ಉಪಸರ್ಗ ಹಚ್ಚಿದರೆ ಆಹಾರ, ವಿಹಾರ, ಸಂಹಾರ, ಪರಿಹಾರ ಆಗುವುದನ್ನು ಮೇಷ್ಟ್ರು ಬೋರ್ಡಿನ ತುಂಬ ಬರೆಯುತ್ತಿದ್ದರು. ಇಂಗ್ಲಿಷಿಗೂ ಅದೇ ಯಾಕೆ ಆಗಬಾರದು?

ಊಟ ಮುಗಿಸಿ ಮಗಳನ್ನು ಕೂರಿಸಿಕೊಂಡೆ. "ಕ್ವೆಶ್ಚನ್ ಬರಿ" ಅಂದೆ. ಕ್ಯೂ ಬಂತು, ಟಿ ಬಂತು, ಎನ್ ಬಂತು, 8 ಅಕ್ಷರ. "ಈಗ ಬಾಲಕ್ಕೆ ಅಬಲ್ ಸೇರಿಸು." ಕ್ವೆಶ್ಚನಬಲ್, 12. "ತಲೆಗೆ ಅನ್ ಹಾಕು." ಅನ್‌ಕ್ವೆಶ್ಚನಬಲ್, 14! ಅವಳು ಎರಡು ಸಲ ಎಣಿಸಿದಳು. ಇನ್ನೊಂದು ಲಾಭವೂ ಸಿಕ್ಕಿತು. ಎ, ಇ, ಐ, ಓ, ಯು, ಐದೂ ಸ್ವರಗಳು ಅದರೊಳಗಿವೆ. 9 ಅಕ್ಷರದ "ಎಜುಕೇಶನ್"ನಲ್ಲೂ ಐದೂ ಇವೆ ಅಂತ ಅವಳೇ ಕಂಡುಹಿಡಿದಳು.

ನೀವೂ ಪ್ರಯತ್ನಿಸಿ. ಮೊದಲು ಕೊಟ್ಟ ಅಕ್ಷರಗಳಲ್ಲಿ ಅಪರೂಪದ್ದನ್ನು ಹಿಡಿಯಬೇಕು. ಕ್ಯೂ, ಝಡ್, ಜೆ, ಎಕ್ಸ್ ಅಂಥವು. ಕ್ಯೂ ಬಂದಲ್ಲಿ ಹೆಚ್ಚಾಗಿ ಯು ಬೆನ್ನಿಗೇ ಇರುತ್ತದೆ, ಹಾಗಾಗಿ ಒಂದು ಅಕ್ಷರ ಪುಕ್ಕಟೆ. ಟಿ, ಐ, ಓ, ಎನ್ ನಾಲ್ಕೂ ಇದ್ದರೆ "ಶನ್" ಎಂದು ಮುಗಿಯುವ ಪದ ಹುಡುಕಿ. ಆಮೇಲೆ ರೀ, ಅನ್, ನೆಸ್, ಮೆಂಟ್ ಅಂಟಿಸುತ್ತಾ ಹೋಗಿ. ಯಾವ ಅಕ್ಷರ ಅಪರೂಪ ಅಂತ ಎಣಿಸಿ ನೋಡಿದವರಲ್ಲಿ ಒಬ್ಬ ಆಲ್ಫ್ರೆಡ್ ಬಟ್ಸ್, ನ್ಯೂಯಾರ್ಕಿನ ಆರ್ಕಿಟೆಕ್ಟ್. 1930ರ ದಶಕದ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡು, ಪತ್ರಿಕೆಯ ಪುಟಗಳಲ್ಲಿ ಅಕ್ಷರ ಎಣಿಸುತ್ತಾ ಕೂತ. ಅದೇ ಮುಂದೆ ಸ್ಕ್ರ್ಯಾಬಲ್ ಆಟವಾಯಿತು. ಅದರ 100 ಬಿಲ್ಲೆಗಳಲ್ಲಿ ಇ 12, ಕ್ಯೂ ಒಂದೇ ಒಂದು, ಅದಕ್ಕೆ 10 ಅಂಕ. ಕೆಲಸ ಹೋದವನು ಮನೆಯಲ್ಲಿ ಕೂತು ಪೇಪರಿನ ಅಕ್ಷರ ಎಣಿಸಿದರೆ ನಮ್ಮಲ್ಲಿ ಏನಂತಾರೋ ನಿಮಗೇ ಗೊತ್ತು!

ಒಂದೇ ಅಕ್ಷರ ಎರಡು ಸಲ ಬಾರದ ಉದ್ದ ಪದ ಬೇಕೇ? "ಅನ್‌ಕಾಪಿರೈಟಬಲ್", 15. ಇದೂ ತಲೆ, ಬಾಲ ಜೋಡಿಸಿದ್ದೇ. ಒಂಬತ್ತು ಅಕ್ಷರದಲ್ಲಿ ಒಂದೇ ಸ್ವರ ಇರುವುದು ಬೇಕೇ? "ಸ್ಟ್ರೆಂಗ್ತ್ಸ್". ಮೈಕಿನ ಮುಂದೆ ಇದನ್ನು ಸ್ಪಷ್ಟವಾಗಿ ಹೇಳುವುದು ನಮಗೆ ಪರೀಕ್ಷೆ.

45 ಅಕ್ಷರದ ಒಂದು ಪದವೂ ಡಿಕ್ಷನರಿಯಲ್ಲಿದೆ. ನ್ಯೂಮೋನೋ, ಅಲ್ಟ್ರಾ, ಮೈಕ್ರೋಸ್ಕೋಪಿಕ್, ಸಿಲಿಕೋ, ವೋಲ್ಕೇನೋ, ಕೋನಿಯೋಸಿಸ್, ಎಲ್ಲ ಸೇರಿ ಒಂದೇ ಸಮಾಸ. ಜ್ವಾಲಾಮುಖಿಯ ಸಣ್ಣ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯಂತೆ. ಹೇಳುವಾಗಲೇ ಉಸಿರು ಕಟ್ಟುತ್ತದೆ! 1935ರಲ್ಲಿ ಅಮೆರಿಕದ ಪದಬಂಧ ಪ್ರಿಯರ ಸಂಘದ ಅಧ್ಯಕ್ಷರೊಬ್ಬರು ಉದ್ದಕ್ಕಾಗಿಯೇ ಹೊಸೆದದ್ದಿದು. ನನಗೇನೋ ಇಂಥದ್ದು ರುಚಿಸುವುದಿಲ್ಲ. ಅನ್‌ಕ್ವೆಶ್ಚನಬಲ್ ನಾಲ್ಕು ಜನ ಆಡುವ ಮಾತು, ಅದನ್ನು ನಾವೇ ಕಟ್ಟಿದ ಖುಷಿ ಬೇರೆ.

ಆ ರಾತ್ರಿ ಪಪ್ಪ ಬರುವ ಹೊತ್ತಿಗೆ ನೋಟ್‌ಬುಕ್ ಬ್ಯಾಗ್ ಸೇರಿತ್ತು. ಮಲಗುವ ಮುಂಚೆ ಮಗಳು ಕೇಳಿದಳು: "ಅಮ್ಮಾ, ಅನ್‌ಕ್ವೆಶ್ಚನಬಲ್‌ಗೆ ಕನ್ನಡದಲ್ಲಿ ಏನು?"

"ಪ್ರಶ್ನಾತೀತ."

ಬೆರಳು ಮಡಚಿ ಎಣಿಸಿದಳು. ಪ್ರ, ಶ್ನಾ, ತೀ, ತ. "ನಾಲ್ಕೇನಾ? ಅಲ್ಲಿ ಹದಿನಾಲ್ಕು ಬರೆದೆ!"

"ಬರೆದು ನೋಡು, ನಾಲ್ಕೇ ಆದರೂ ಸುಲಭ ಇಲ್ಲ" ಅಂದೆ. ಎದ್ದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಳು. ಮನೆಯಲ್ಲಿ ಭಾನುವಾರಕ್ಕೊಮ್ಮೆ ಕಲಿತ ಕನ್ನಡ ಅವಳದು. ಶಕಾರಕ್ಕೆ ನ ಒತ್ತು ಕೊಡುವ ಬದಲು ನಕಾರಕ್ಕೆ ಶ ಒತ್ತು ಕೊಟ್ಟಿದ್ದಳು. ತಿದ್ದಿದೆ. ಇನ್ನೊಂದು ಸಲ ಬರೆದಳು, ಈ ಸಲ ಸರಿಯಾಗಿತ್ತು.

ಈಗ ನಿಮ್ಮ ಸರದಿ, ಬರೆದುಕೊಳ್ಳಿ. ಅಕ್ಷರಗಳು ಜೆ, ಡಿ, ಟಿ. ಮುಂದಿನ ವಾರದೊಳಗೆ ಉತ್ತರ ಕಳಿಸಿ. ನನ್ನ ಹತ್ತಿರ 12 ಅಕ್ಷರದ್ದು ಒಂದಿದೆ. ಮಗಳು 13ರದ್ದು ಸಿಕ್ಕಿದೆ ಅನ್ನುತ್ತಿದ್ದಾಳೆ, ಆದರೆ ನನಗೆ ತೋರಿಸುತ್ತಿಲ್ಲ.