ಗಾನದ ಅಂಚಿನ ಬರಹಗಳು



ಗೋವೆಯ ಕಡೆಯಿಂದ ಘಟ್ಟವೇರಿ ಬರುವ ರೈಲುಹಾದಿಯು ಬೆಳಗಾವಿ-ಧಾರವಾಡಗಳ ಹಾದಿಯನ್ನು ಕೂಡುವ ಈ ಲೋಂಡಾದಲ್ಲಿ ಸಂಗೀತ ಸಂಶೋಧಕರು ಸಮಾವೇಶಗೊಂಡಿರುವುದು ಉಚಿತವೇ ಸರಿ. ಏಕೆಂದರೆ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಮಿರಜೆ, ಅವರ ಶಿಷ್ಯ ಸವಾಯಿ ಗಂಧರ್ವರ ಕುಂದಗೋಳ, 1924ರಲ್ಲಿ ಕುಮಾರ ಗಂಧರ್ವರು ಜನಿಸಿದ ಸುಳೇಭಾವಿ, ಇವೆಲ್ಲ ಈ ಹಳಿಗಳು ಬೆಸೆದ ಊರುಗಳು.

ಇಂತಹ ಸೀಮೆಯ ಸಂಗೀತಚರಿತ್ರೆಯನ್ನು ನಾವು ಬಹುಮಟ್ಟಿಗೆ ಭಕ್ತಿಯ ಕಥನಗಳಿಂದ ಕಟ್ಟಿಕೊಂಡಿದ್ದೇವೆ. ಖಾನಸಾಹೇಬರು 1937ರಲ್ಲಿ ಮದರಾಸಿನ ಕಡೆಯ ಸಿಂಗಪೆರುಮಾಳ್ ಕೋವಿಲ್ ನಿಲ್ದಾಣದಲ್ಲಿ ದೇಹವಿಟ್ಟರೆಂಬುದು ವಿದಿತವೇ ಆದರೂ, ಆ ಅಂತ್ಯಕಾಲದಲ್ಲಿ ಅವರ ಕಂಠದಿಂದ ಹೊರಟ ರಾಗ ಇಂಥದೆಂದು ಬರೆಯುವವರಲ್ಲಿ, ಅಂದು ಜೊತೆಗಿದ್ದವರಾರು, ಅವರು ಅದನ್ನು ಎಂದು ಯಾರ ಮುಂದೆ ನುಡಿದರು ಎಂದು ವಿಚಾರಿಸಿದವರು ವಿರಳ. ಶಿಷ್ಯರ ನೆನಪು ಶಿಷ್ಯರ ಮನಸ್ಸಿಗೆ ಉತ್ತಮ ಪ್ರಮಾಣ. ಘಟನೆಗೆ ಅಷ್ಟು ಉತ್ತಮವಲ್ಲ. ಚರಿತ್ರೆಗೆಂದು ಬರೆಯದೆ, ಬೇರೊಂದು ಕೆಲಸಕ್ಕೆಂದು ಅಂಚಿನಲ್ಲಿ ಗೀಚಿಟ್ಟದ್ದೇ ಅನೇಕ ವೇಳೆ ಹೆಚ್ಚು ನಂಬಲರ್ಹವಾದ ಸಾಕ್ಷಿಯೆಂಬುದು ನನ್ನ ಅಭಿಪ್ರಾಯ.

ಉದಾಹರಣೆಗೆ, ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದರು. ಆ ಪರಂಪರೆಯ ಮರಾಠಿ ನಾಟಕಗಳ ಮುದ್ರಿತ ಪ್ರತಿಗಳಲ್ಲಿ ಪದದ ತಲೆಯ ಮೇಲೆ ಅದನ್ನು ಹಾಡತಕ್ಕ ‘ಚಾಲು’, ಅಂದರೆ ಧಾಟಿ, ಸೂಚಿತವಾಗಿದ್ದು, ಅಂಥವುಗಳಲ್ಲಿ ಕನ್ನಡ ಪದಗಳ ಮೊದಲ ನುಡಿಗಳೂ ಸಿಗುತ್ತವೆ. ನಟನ ಅನುಕೂಲಕ್ಕೆಂದು ಅಚ್ಚಾದ ಆ ಒಂದು ಸಾಲು, ಎರಡು ಭಾಷೆಗಳ ಕೊಡುಕೊಳೆಯನ್ನು ಕುರಿತು ಇಂದು ನಾವು ಮಾಡುವ ವಾಗ್ವಾದಗಳಿಗಿಂತ ಹೆಚ್ಚನ್ನು ಹೇಳುತ್ತದೆ. ಮರುಮುದ್ರಣ ಮಾಡುವವರು ಮೊದಲು ಕಿತ್ತುಹಾಕುವುದೂ ದುರ್ದೈವವಶಾತ್ ಅದನ್ನೇ.

ಗ್ರಾಮಫೋನ್ ತಟ್ಟೆಗಳ ವಿಷಯದಲ್ಲಿ ನಮ್ಮ ಅಲಕ್ಷ್ಯ ಇನ್ನೂ ಘೋರವಾದುದು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನರು ತಟ್ಟೆಯ ಕೊನೆಗೆ ತಮ್ಮ ಹೆಸರನ್ನು ಕೂಗಿ ಹೇಳುವುದನ್ನು ಕೇಳಿ ನಾವು ನಗುತ್ತೇವೆ. ಅದು ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆಯನ್ನು ಅಚ್ಚೊತ್ತುವವರಿಗೆ ಗಾಯಕಿಯ ಗುರುತು ಸಿಗಲೆಂದು ಮಾಡಿದ ಉಪಾಯ. ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಬಂದಿದ್ದುದರಿಂದ, ಪ್ರಸಿದ್ಧನಾಮವೊಂದನ್ನೇ ಹಿಡಿದು ಹುಡುಕುವವನಿಗೆ ಅವು ದೊರೆಯವು. ಇನ್ನು ವೇಗದ ಮಾತು. ನಿಮಿಷಕ್ಕೆ 78 ಸುತ್ತೆಂಬುದು ರೂಢಿಯಾದುದು ಅನಂತರ. ಆದಿಯ ತಟ್ಟೆಗಳು ಅದಕ್ಕೆ ಬದ್ಧವಾಗಿರಲಿಲ್ಲ. 74 ಸುತ್ತಿನಲ್ಲಿ ಮುದ್ರಿತವಾದುದನ್ನು 78ರಲ್ಲಿ ತಿರುಗಿಸಿದರೆ ಶ್ರುತಿಯು ಹೆಚ್ಚುಕಡಿಮೆ ಅರ್ಧಸ್ವರ ಏರಿ, ಲಯವೂ ಚುರುಕಾಗಿ, ಹಾರ್ಮೋನಿಯಮ್ಮಿನ ಬಿಳಿ ಒಂದರಲ್ಲಿ ಹಾಡಿದವರು ಕಪ್ಪು ಒಂದರವರಾಗಿ ಪರಿಣಮಿಸುತ್ತಾರೆ. ಅದನ್ನು ಕೇಳಿ ‘ಆ ಕಾಲದವರ ಕಂಠ ಎಷ್ಟು ತಾರವಾಗಿತ್ತು’ ಎಂದು ನಾವು ಪ್ರಬಂಧ ಬರೆಯುತ್ತೇವೆ! ಮೂರು ಮಿನಿಟಿನ ಚೌಕಟ್ಟಿಗೆ ಮೊಟಕುಗೊಂಡ ಖಯಾಲನ್ನು ಇಡೀ ರಾತ್ರಿಯ ಬೈಠಕ್ಕಿನ ಪ್ರತಿರೂಪವೆಂದು ಬಗೆಯುವುದೂ ಇದೇ ಜಾತಿಯ ಪ್ರಮಾದ.

ಈ ಭಾಗದಲ್ಲಿ ಕೆಲಸ ಮಾಡುವವರಿಗೆ ಕನ್ನಡವೊಂದೇ ಸಾಲದು. ಪಟವರ್ಧನ ಸಂಸ್ಥಾನಗಳ ಹಾಗೂ ಅಲ್ಲಾದಿಯಾ ಖಾನರಿಗೆ ಆಶ್ರಯವಿತ್ತ ಕೊಲ್ಹಾಪುರದ ಹಳೆಯ ದಫ್ತರಗಳಿಗೆ ಮೋಡಿ ಲಿಪಿ ಬೇಕು. ಆ ಲಿಪಿಯನ್ನು ಓದಬಲ್ಲವರೋ ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ರಾಗಲಕ್ಷಣವನ್ನು ಕುರಿತ ಇನ್ನೊಂದು ಗ್ರಂಥಕ್ಕೆ ವ್ಯಯಿಸುವ ಶ್ರಮದ ಅರ್ಧವನ್ನು ತರುಣರು ಮೋಡಿ ಕಲಿಯಲು ವ್ಯಯಿಸಬೇಕೆಂದರೆ ಹಿರಿಯರು ಕೋಪಿಸಿಕೊಳ್ಳಲಾರರೆಂದು ನಂಬಿದ್ದೇನೆ.

ಈ ಗೋಷ್ಠಿಯಲ್ಲಿ ಧ್ವನಿಮುದ್ರಿಕೆಗಳನ್ನು ಕೇಳಿಸಲಿರುವ ಮಹನೀಯರಲ್ಲಿ ನನ್ನದೊಂದು ವಿನಂತಿ: ಹಾಡು ಆರಂಭವಾಗುವ ಮುನ್ನ ಆ ತಟ್ಟೆಯ ಲೇಬಲ್ಲಿನ ಮೇಲಿನ ಹೆಸರು, ಅಂಚಿನಲ್ಲಿ ಕೊರೆದ ಸಂಖ್ಯೆ, ಪ್ರತಿ ತೆಗೆಯುವಾಗ ಇಟ್ಟ ವೇಗ, ಈ ಮೂರನ್ನೂ ಸಭೆಗೆ ಓದಿ ಹೇಳಬೇಕು. ಸಂಗ್ರಾಹಕರು ಕೇವಲ ಹಾಡನ್ನು ಮೊಬೈಲಿನಲ್ಲಿ ಕಳುಹಿಸಿದ್ದರೆ, ತಟ್ಟೆಯ ಎರಡೂ ಮುಖಗಳ ಚಿತ್ರವನ್ನು ಅವರಿಂದ ತರಿಸಿಕೊಳ್ಳಲು ಮಧ್ಯಾಹ್ನದವರೆಗೆ ಸಮಯವಿದೆ.