ಅಂದು ಹೇಳದೆ ಉಳಿದ ವಂದನೆ

(ಹೆತ್ತವರ ಹಕ್ಕು ಸಮಿತಿಯ ಹತ್ತನೆಯ ವಾರ್ಷಿಕೋತ್ಸವ ಕಳೆದ ಮರುವಾರ, ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಸೇರಿದ ಹೆತ್ತವರ ಸಭೆಯಲ್ಲಿ ಸಮಿತಿಯ ಕಾರ್ಯದರ್ಶಿ ಮಾಡಿದ ಭಾಷಣ)



ಕಳೆದ ಭಾನುವಾರ ವಂದನಾರ್ಪಣೆಯ ಹೊಣೆ ನನ್ನದಾಗಿತ್ತು. ಎರಡು ಪುಟ ಬರೆದುಕೊಂಡೇ ಬಂದಿದ್ದೆ. ಆದರೆ ಅಧ್ಯಕ್ಷರ ಭಾಷಣ ಮುಗಿಯುವಾಗ ಕೊನೆಯ ಬಸ್ಸಿಗೆ ಹತ್ತೇ ನಿಮಿಷ ಉಳಿದಿತ್ತು. ಅರ್ಧ ಸಭೆ ಚೀಲ ಹೆಗಲಿಗೇರಿಸಿ ಎದ್ದು ನಿಂತಿತ್ತು. "ಎಲ್ಲರಿಗೂ ವಂದನೆಗಳು" ಎಂದಷ್ಟೇ ಹೇಳಿ ಕಾಗದವನ್ನು ಕಿಸೆಗೆ ಹಾಕಿಕೊಂಡೆ. ಆ ಸಾಲವನ್ನು ಇಂದು ತೀರಿಸಬೇಕಾಗಿದೆ.

ಮೊದಲು ಕೈಯಾರೆ ದುಡಿದವರನ್ನು ನೆನೆಯುತ್ತೇನೆ. ರಾತ್ರಿಯಿಡೀ ಕುಳಿತು ತರಕಾರಿ ಹೆಚ್ಚಿದ ಮಾತೃಸಂಘದ ತಾಯಂದಿರು, ಹಾಳೆತಟ್ಟೆ ತಂದಿಳಿಸಿದ ತೋಟದವರು, ಸಕ್ಕರೆಗೂ ಬೆಲ್ಲಕ್ಕೂ ಚೀಟಿ ಬರೆಯದ ಅಂಗಡಿಯವರು, ಖರ್ಚು ಮಾತ್ರ ತೆಗೆದುಕೊಂಡ ಮೈಕದವರು. ತಾಳಮದ್ದಳೆ ಆಡಿದ ಮಕ್ಕಳಿಗೆ ಪಾಯಸ ಕೊನೆಯಲ್ಲಿ ಸಿಕ್ಕಿತಂತೆ, ಅದೂ ತಳದ್ದು. ಅದು ನಮ್ಮ ತಪ್ಪು. ಮುಂದಿನ ಬಾರಿ ಮಕ್ಕಳ ಪಂಕ್ತಿಯೇ ಮೊದಲು.

ಆದರೆ ಒಂದು ದಿನದ ಊಟಕ್ಕಾಗಿ ನಾವು ಸೇರಿದ್ದಲ್ಲ. ಹತ್ತು ವರ್ಷಗಳ ಹಿಂದೆ ಈ ಸಮಿತಿ ಹುಟ್ಟಿದ್ದು ಯಾಕೆಂದು ಹೊಸದಾಗಿ ಮಕ್ಕಳನ್ನು ಸೇರಿಸಿದವರಿಗೆ ತಿಳಿದಿರಲಾರದು. ನಮ್ಮ ಶಾಲೆಗಳಲ್ಲೊಂದರ ಐದನೇ ತರಗತಿಗೆ ಕನ್ನಡ ಓದಲು ಬಾರದ ಅಧ್ಯಾಪಕರೊಬ್ಬರು ಬಂದರು. ಒಂದು ಸಂಜೆ ಹುಡುಗಿಯೊಬ್ಬಳು ಮನೆಗೆ ಹೋಗಿ, "ಅಮ್ಮ, ಇವತ್ತು ಸರ್ ಹರಣ ಹೇಳಿಕೊಟ್ಟರು" ಎಂದಳಂತೆ. ಸೀತಾಪಹರಣವೋ, ಯಕ್ಷಗಾನದ ಪಾಠವೋ ಎಂದು ತಾಯಿ ಸಂತೋಷಪಟ್ಟರು. ಪುಸ್ತಕ ತೆರೆದು ನೋಡಿದರೆ ಭಾಗಾಕಾರ! ಮಲಯಾಳದಲ್ಲಿ ಭಾಗಾಕಾರಕ್ಕೆ ಹರಣವೆನ್ನುತ್ತಾರೆ. ಕೇಳಿದಾಗ ನಾವೆಲ್ಲ ನಕ್ಕೆವು. ವರ್ಷದ ಕೊನೆಗೆ ಆ ತರಗತಿಯ ಮಕ್ಕಳಿಗೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಬರುವುದಿಲ್ಲವೆಂದು ಗೊತ್ತಾದಾಗ ಯಾರೂ ನಗಲಿಲ್ಲ.

ಆ ಅಧ್ಯಾಪಕರ ಮೇಲೆ ನಮಗೆ ಸಿಟ್ಟಿರಲಿಲ್ಲ. ಅವರೂ ಪರೀಕ್ಷೆ ಬರೆದು, ಮನೆ ಬಿಟ್ಟು ದೂರದಿಂದ ಬಂದವರು. ಪ್ರತಿ ಸಂಜೆ ಕನ್ನಡ ಅಕ್ಷರ ಬರೆದು ಕಲಿಯುತ್ತಿದ್ದರು. ತಪ್ಪು ಇದ್ದದ್ದು ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬೇಕೆಂಬುದನ್ನು ಕಾಗದದ ಮೇಲೆ ಮರೆತ ವ್ಯವಸ್ಥೆಯಲ್ಲಿ.

ಆಗ ಸಹಿ ಹಾಕಿದವರಿಗೆ ನನ್ನ ನಿಜವಾದ ವಂದನೆ. ಬೀಡಿ ಕಟ್ಟುವ ತಾಯಿಯೊಬ್ಬರು ಮೂರು ಸಲ ದಿನದ ದುಡಿಮೆ ಬಿಟ್ಟು ನಮ್ಮೊಂದಿಗೆ ಕಚೇರಿಗೆ ಬಂದರು. ಕನ್ನಡ ಬರೆಯಲು ಬಾರದ ಒಬ್ಬ ತಂದೆ ಮಲಯಾಳದಲ್ಲಿ ಸಹಿ ಹಾಕಿ, "ನನಗೆ ಸಿಗದ್ದು ಮಗನಿಗೆ ಸಿಗಲಿ" ಎಂದರು. ಆ ಅರ್ಜಿಯಲ್ಲಿ ಎಲ್ಲಕ್ಕಿಂತ ಬಲವಾದ ಸಹಿ ಅದೇ ಎಂದು ನಾನು ಇಂದಿಗೂ ನಂಬಿದ್ದೇನೆ. ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾದೀತೆಂದು ಕಾಗದಪತ್ರ ಕಟ್ಟಿಕೊಂಡು ಎರ್ನಾಕುಳಂಗೆ ರಾತ್ರಿ ರೈಲಿನಲ್ಲಿ ಹೋದವರ ಟಿಕೇಟಿನ ಹಣವನ್ನು ನೀವೇ ಹಂಚಿಕೊಂಡಿರಿ. ಶುಲ್ಕ ಕೇಳದ ವಕೀಲರು ಕಾಗದ ನೋಡಿ, ಮೊದಲು ಇನ್ನೊಂದು ಮನವಿ ಕೊಡಿ ಎಂದರು. ಅದರಲ್ಲೇ ಕೆಲಸವಾಯಿತು. ಕನ್ನಡ ಬಲ್ಲ ಅಧ್ಯಾಪಕಿ ಬಂದರು. ಆದರೆ ಅಷ್ಟರಲ್ಲಿ ಒಂದು ಶಾಲಾವರ್ಷ ಕಳೆದಿತ್ತು. ಆ ಮಕ್ಕಳ ಪಾಲಿಗೆ ಅದು ಮತ್ತೆ ಬರಲಿಲ್ಲ.

ಕಚೇರಿಯೊಂದರಲ್ಲಿ ನಮಗೆ ಕೇಳಿದ ಪ್ರಶ್ನೆ ನಿಮಗೆ ನೆನಪಿರಬಹುದು: "ನಿಮ್ಮ ಮನೆಯಲ್ಲಿ ತುಳು, ಇವರ ಮನೆಯಲ್ಲಿ ಬ್ಯಾರಿ, ಅವರ ಮನೆಯಲ್ಲಿ ಮರಾಟಿ. ಮತ್ತೆ ಕನ್ನಡ ಯಾರ ಮಾತೃಭಾಷೆ?" ಆ ದಿನ ನಾವು ಉತ್ತರ ತೋಚದೆ ನಿಂತೆವು. ಉತ್ತರವನ್ನು ಸುಪ್ರೀಂ ಕೋರ್ಟು 2014ರಲ್ಲೇ ಕೊಟ್ಟಿತ್ತು. ಸೋಜಿಗವೆಂದರೆ ಅದು ಕರ್ನಾಟಕ ಸರ್ಕಾರ ಸೋತ ಮೊಕದ್ದಮೆ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದ ಆ ತೀರ್ಪಿಗೆ ಅಲ್ಲಿ ಕನ್ನಡಾಭಿಮಾನಿಗಳು ಮರುಗಿದರು. ಆದರೆ ಅದೇ ತೀರ್ಪಿನಲ್ಲಿ, ಮಗುವಿನ ಮಾತೃಭಾಷೆ ಯಾವುದೆಂದು ನಿರ್ಣಯಿಸುವುದನ್ನು ಸಂವಿಧಾನ ಹೆತ್ತವರಿಗೇ ಬಿಟ್ಟಿದೆ ಎಂಬ ಮಾತೂ ಇದೆ. ಗಡಿಯಾಚೆಗಿರುವ ನಮಗೆ ಅದು ದೊಡ್ಡ ಆಸರೆ. ಮನೆಯಲ್ಲಿ ಯಾವ ನುಡಿಯಾದರೂ ಇರಲಿ, ಶಾಲೆಯ ಅರ್ಜಿಯಲ್ಲಿ ನೀವು ಕನ್ನಡವೆಂದು ಬರೆದರೆ ಆ ಬರಹಕ್ಕೆ ಬೆಲೆಯಿದೆ. ಆದ್ದರಿಂದ ಆ ಜಾಗವನ್ನು ಖಾಲಿ ಬಿಡಬೇಡಿ, ಇನ್ನೊಬ್ಬರ ಕೈಯಲ್ಲಿ ತುಂಬಿಸಲೂ ಬೇಡಿ.

ಇನ್ನು ಕಾನೂನಿನ ವಿಚಾರ ಸ್ವಲ್ಪ ಹೇಳುತ್ತೇನೆ, ಬೇಸರಿಸಬಾರದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನದ ಏಳನೇ ತಿದ್ದುಪಡಿಯಿಂದ 350 ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ತಕ್ಕ ಸೌಕರ್ಯ ಒದಗಿಸಲು ರಾಜ್ಯವೂ ಸ್ಥಳೀಯ ಆಡಳಿತವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಸ್ಥಳೀಯ ಆಡಳಿತವೆಂದರೆ ನಮ್ಮ ಪಂಚಾಯತೂ ಹೌದು ಎಂಬುದನ್ನು ಗಮನಿಸಿ. 350 ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿ 1957ರಲ್ಲಿ ಆರಂಭವಾಯಿತು. ಅವರು ತನಿಖೆ ಮಾಡಿ ರಾಷ್ಟ್ರಪತಿಗಳಿಗೆ ವರದಿ ಒಪ್ಪಿಸುತ್ತಾರೆ. ಆ ವರದಿ ಸಂಸತ್ತಿನ ಎರಡೂ ಸದನಗಳ ಮುಂದೆ ಹೋಗುತ್ತದೆ. ಆದರೆ ಅಧ್ಯಾಪಕರನ್ನು ನೇಮಿಸಿ ಎಂದು ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ. ರಕ್ಷಣೆ ಇದೆ, ಅದಕ್ಕೆ ಹಲ್ಲಿಲ್ಲ ಎಂದು ನಮ್ಮ ಹಿರಿಯರೊಬ್ಬರು ಹೇಳುವುದುಂಟು. ಬೆನ್ನು ಹತ್ತಿದವರಿಗೆ ಮಾತ್ರ ಅದು ದಕ್ಕುತ್ತದೆ.

ಬೆನ್ನು ಹತ್ತಲು ಲೆಕ್ಕ ಗೊತ್ತಿರಬೇಕು. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರ ಒಪ್ಪಿತು: ಶಾಲೆಯಲ್ಲಿ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಒಬ್ಬ ಅಧ್ಯಾಪಕರನ್ನು ಕೊಡಬೇಕು. 1961ರ ಮುಖ್ಯಮಂತ್ರಿಗಳ ಸಮ್ಮೇಳನ ಪ್ರೌಢ ಹಂತಕ್ಕೆ ಕೊನೆಯ ನಾಲ್ಕು ತರಗತಿಗಳಲ್ಲಿ 60, ಪ್ರತಿ ತರಗತಿಯಲ್ಲಿ 15 ಎಂದು ಗೊತ್ತುಮಾಡಿತು. ಇದು ಕೇರಳಕ್ಕೆ ಮಾತ್ರ ಸೀಮಿತವಲ್ಲ. ಸಮಾರಂಭಕ್ಕೆ ಬಂದಿದ್ದ ತಾಳವಾಡಿಯ ತಾಯಿಯೊಬ್ಬರು, ಜತ್ತದ ಹಿರಿಯರೊಬ್ಬರು ಊಟದ ನಂತರ ಚಾವಡಿಯಲ್ಲಿ ಕುಳಿತು ಇದನ್ನು ಬರೆದುಕೊಂಡರು. ಜತ್ತದವರು, "ನಮ್ಮಲ್ಲಿ ಮಲಯಾಳದ ಬದಲು ಮರಾಠಿ, ಕತೆ ಅದೇರೀ" ಎಂದರು. ಅಷ್ಟು ದೂರದಿಂದ ಬಂದು ನಮ್ಮ ಕುಚ್ಚಲಕ್ಕಿ ಅನ್ನ ಉಂಡು ಹೋದ ಅವರಿಗೆ ವಿಶೇಷ ವಂದನೆ.

ಇದರ ಜತೆಗೇ ಒಪ್ಪಿಕೊಂಡ ಇನ್ನೊಂದು ಏರ್ಪಾಡು ಮುಂಗಡ ನೋಂದಣಿ ಪುಸ್ತಕ. ಶಾಲೆ ತೆರೆಯುವ ಮೂರು ತಿಂಗಳ ಮೊದಲೇ, ಈ ಮಾಧ್ಯಮದಲ್ಲಿ ಕಲಿಸುವೆವೆಂದು ಹೆತ್ತವರು ಹೆಸರು ಬರೆಸಬಹುದು. ಒಂದು ಶಾಲೆಯಲ್ಲಿ ಸಾಲದಿದ್ದರೆ ಹತ್ತಿರದ ಶಾಲೆಗಳ ಹೆಸರುಗಳನ್ನು ಒಟ್ಟುಗೂಡಿಸಿ ಒಂದೆಡೆ ತರಗತಿ ನಡೆಸಬಹುದು. ನಾವು ಮೊದಲ ಸಲ ಕೇಳಿದಾಗ ಅಂಥ ಪುಸ್ತಕವೇ ಇರಲಿಲ್ಲ. ಮುಖ್ಯೋಪಾಧ್ಯಾಯರು ಒಳ್ಳೆಯವರು, ನೂರು ಪುಟದ ಒಂದು ನೋಟ್ ಬುಕ್ಕಿಗೆ ಗೆರೆ ಎಳೆದು ತಾವೇ ಆರಂಭಿಸಿದರು. ಬರುವ ಜೂನಿಗಾಗಿ ಮಾರ್ಚ್ ಮೊದಲ ವಾರದಲ್ಲೇ ಅದರಲ್ಲಿ ಹೆಸರು ಬರೆಸಿ.

ಆಮೇಲೆ ಜೂನ್. ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ವರ್ಷದ ಅಧ್ಯಾಪಕ ಹುದ್ದೆಗಳು ನಿಲ್ಲುವುದು ಆ ಎಣಿಕೆಯ ಮೇಲೆ. ಅದೇ ವಾರ ಮದುವೆ, ಪೂಜೆ, ಅಜ್ಜನ ಮನೆ ಎಂದು ಮಗುವನ್ನು ಕರೆದುಕೊಂಡು ಹೋದವರು ನಮ್ಮಲ್ಲಿದ್ದಾರೆ. ಒಂದು ಮಗು ಕಡಿಮೆಯಾಗಿ ಒಂದು ಹುದ್ದೆ ಹೋದರೆ ಅದನ್ನು ಮರಳಿ ತರಲು ಎಷ್ಟು ಮನವಿ ಬರೆಯಬೇಕೆಂಬುದು ಬರೆದವರಿಗೆ ಗೊತ್ತು.

ಇಷ್ಟು ಹೇಳಿದವನು ಒಂದು ಮಾತನ್ನು ಮುಚ್ಚಿಡಬಾರದು. ನನ್ನ ಹಿರಿಯ ಮಗನನ್ನು ನಾನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದವನೇ. ಸಮಿತಿಯ ಮೊದಲ ಸಭೆಯಲ್ಲಿ ಒಬ್ಬ ತಾಯಿ ಎದ್ದು, "ನಿಮ್ಮ ಮಗ ಯಾವ ಶಾಲೆಯಲ್ಲಿದ್ದಾನೆ?" ಎಂದು ಎಲ್ಲರೆದುರು ಕೇಳಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ಕಿರಿಯವಳು ಈಗ ಇದೇ ಶಾಲೆಯ ಏಳನೆಯ ತರಗತಿಯಲ್ಲಿದ್ದಾಳೆ. ಕೇಳಿದ ಆ ತಾಯಿ ಇಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆ. ಅವರಿಗೂ ನನ್ನ ವಂದನೆ ಸಲ್ಲಬೇಕು. ಹತ್ತು ವರ್ಷ ತಡವಾಯಿತು, ಕ್ಷಮೆಯಿರಲಿ.

ಸಮಾರಂಭದ ಜಮಾ-ಖರ್ಚಿನ ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿದ್ದೇವೆ, ನೋಡಿ ಕೇಳಬಹುದು. ಉಳಿದ ಹಣವನ್ನು ಅರ್ಜಿಗಳ ಖರ್ಚಿಗೆಂದು ತೆಗೆದಿಟ್ಟಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಉಪಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಎಷ್ಟು ಹುದ್ದೆ ಖಾಲಿ ಇವೆಯೆಂದು ಕೇಳುವ ಅರ್ಜಿ ನಾಳೆ ಹೋಗುತ್ತದೆ. ಸಹಿ ಹಾಕುವವರು ಈಗಲೇ ಮೇಜಿನ ಬಳಿ ಬನ್ನಿ.

ಮತ್ತೆ, ಅಡುಗೆ ಕೋಣೆಯಲ್ಲಿ ಎರಡು ದೊಡ್ಡ ಪಾತ್ರೆಗಳೂ ಒಂದು ಸೌಟೂ ಉಳಿದಿವೆ. ಯಾರವೆಂದು ಗುರುತಿಸಿ ಕೊಂಡುಹೋಗಿ.